ಟಿಕೆಟ್ಟಿಲ್ಲದ ಏಳು ಮಂದಿ

ನಮ್ಮ ಎದುರು ಮನೆಯ ಕಂಡಕ್ಟರ್ ಅಕ್ಕ ಯಾವತ್ತೂ ಮೆಲ್ಲಗೆ ಮಾತಾಡಿದವಳಲ್ಲ. ಬಸ್ಸಿನ ಇಂಜಿನ್ನನ್ನು ಮೀರಿಸಿ ಕೂಗಿ ಕೂಗಿ ಹದವಾದ ಗಂಟಲು ಅದು. ಅಡುಗೆಮನೆಯಲ್ಲಿ ನಿಂತು ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಿದರೆ ಬೀದಿಯ ಕೊನೆಯ ಮನೆಯವರೂ ತಮ್ಮ ಡಬ್ಬಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆದರೆ ಆ ಮನೆಯಲ್ಲಿ ನಿಜವಾದ ಅಧಿಕಾರ ಅವಳ ಗಂಟಲಿಗೆ ಇರಲಿಲ್ಲ, ಕೊರಳಿನ ದಾರದಲ್ಲಿ ತೂಗುತ್ತಿದ್ದ ಸೀಟಿಗೆ ಇತ್ತು.

ಅವಳ ಗಂಡ ಅದೇ ಬಸ್ಸಿನ ಡ್ರೈವರ್. ಅಕ್ಕನ ಗಂಡನಾದ್ದರಿಂದ ನಮಗೆಲ್ಲ ಡ್ರೈವರ್ ಭಾವ. ಮದುವೆಗೆ ಮುಂಚಿನಿಂದಲೂ ಇಬ್ಬರಿಗೂ ಒಂದೇ ಬಸ್ಸು, ಒಂದೇ ದಾರಿ. ಅವಳ ಮುಖ ಸರಿಯಾಗಿ ನೋಡುವ ಮೊದಲೇ ಅವಳ ಸೀಟಿ ಕೇಳಿದ್ದೆ ಎಂದು ಭಾವ ಹೇಳುತ್ತಿದ್ದರು. ಒಂದು ಸೀಟಿಗೆ ನಿಲ್ಲಬೇಕು, ಎರಡು ಸೀಟಿಗೆ ಹೊರಡಬೇಕು. ರಸ್ತೆಯ ಮುಂದಿನದೆಲ್ಲ ಭಾವನ ಪಾಲು, ಬೆನ್ನ ಹಿಂದಿನದೆಲ್ಲ ಅಕ್ಕನ ಪಾಲು. ಪ್ರಯಾಣಿಕರು ತಗಡು ಬಡಿದರೂ, ಹೆಸರು ಹಿಡಿದು ಬೈದರೂ ಭಾವ ಬ್ರೇಕಿನ ಮೇಲೆ ಕಾಲಿಡುತ್ತಿರಲಿಲ್ಲ. ಸೀಟಿ ಬಂದರೆ ಮಾತ್ರ. ಇಷ್ಟು ಸರಳವಾದ ಕರಾರಿನ ಮೇಲೆ ನಿಂತ ಸಂಸಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಕ್ಕಳನ್ನು ದೇವರು ಕೊಡಲಿಲ್ಲ. ಅದರ ಬದಲಿಗೆ ಏನು ಕೊಟ್ಟ ಎಂದರೆ ನಾಲ್ಕು ಬೆಕ್ಕು, ಮೂರು ನಾಯಿ.

ಯಾವುದನ್ನೂ ಅವರು ಹುಡುಕಿಕೊಂಡು ಹೋದದ್ದಲ್ಲ. ಡಿಪೋದಲ್ಲಿ ಚಕ್ರದ ಕೆಳಗೆ ಸಿಕ್ಕಿ ಒಂದು ಕಾಲು ಕಳೆದುಕೊಂಡ ನಾಯಿಯನ್ನು ಅಕ್ಕ ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಉಳಿದ ಮೂರು ಚಕ್ರ ಗಟ್ಟಿ ಇವೆ, ನಾಲ್ಕನೆಯದಕ್ಕೆ ದೇವರಿದ್ದಾನೆ ಎಂದು ಅದಕ್ಕೆ ಸ್ಟೆಪ್ನಿ ಎಂದು ಹೆಸರಾಯಿತು. ಕಾರಣವಿಲ್ಲದೆ ಬೊಗಳುವ ಕಪ್ಪು ನಾಯಿ ಹಾರನ್ನು. ಎಲ್ಲಿ ಇಟ್ಟರೆ ಅಲ್ಲೇ ಬಿದ್ದಿರುವ ದಪ್ಪನೆಯದು ಲಗೇಜು. ಬೆಕ್ಕುಗಳಲ್ಲಿ ಗಿಡ್ಡದೊಂದು ಚಿಲ್ಲರೆ. ಹೆದರಿದರೆ ತಿರುಗದೆ ಹಿಂದಕ್ಕೆ ನಡೆಯುವುದು ರಿವರ್ಸು. ಎಲ್ಲರ ತಟ್ಟೆಗೂ ತಲೆ ತೂರಿಸಿ ಒಳಗೇನಿದೆ ಎಂದು ನೋಡದೆ ಮುಂದೆ ಹೋಗದ ಬೂದು ಬಣ್ಣದ್ದು ಚೆಕಿಂಗು. ಎಲ್ಲಕ್ಕಿಂತ ಹಿರಿಯ ಬಿಳಿ ಬೆಕ್ಕು ಪಾಸು. ಅದು ಒಂದು ಮಧ್ಯಾಹ್ನ ಬಾಗಿಲಿನಿಂದ ಒಳಗೆ ಬಂದು, ಯಾರನ್ನೂ ಕೇಳದೆ, ಕಿಟಕಿ ಪಕ್ಕದ ಕುರ್ಚಿ ಹಿಡಿದು ಕೂತಿತ್ತಂತೆ. ಆ ಕುರ್ಚಿ ಭಾವನ ತಾಯಿಯದು. ಅಜ್ಜಿ ಬೈಯಲೆಂದು ಹೋದವರು ಪಕ್ಕಕ್ಕೆ ಸರಿದು ಕೂತರು. ಆಮೇಲೆ ಎರಡು ಜೀವಕ್ಕೂ ಒಂದೇ ಕುರ್ಚಿ.

ಸಂಜೆಯ ಪ್ರಾರ್ಥನೆ ಮುಗಿಸಿ ನಾನು ಬಾಗಿಲಿಗೆ ಬರುವ ಹೊತ್ತಿಗೆ ಅಲ್ಲಿ ಊಟದ ವೇಳೆ. ಏಳು ತಟ್ಟೆ ಗೋಡೆಯುದ್ದಕ್ಕೂ ಸಾಲಾಗಿ ಇರುತ್ತಿದ್ದವು. ಅಕ್ಕ ಒಂದು ಸೀಟಿ ಊದಿದರೆ ಏಳೂ ತಮ್ಮ ತಮ್ಮ ತಟ್ಟೆಯ ಮುಂದೆ ನಿಲ್ಲುತ್ತಿದ್ದವು. ಅವಳು ಬಸ್ಸಿನಲ್ಲಿ ತಲೆ ಎಣಿಸುವ ಹಾಗೆ ಗದ್ದ ಆಡಿಸುತ್ತ ಎಣಿಸಿ, ಆಮೇಲೆ ಎರಡು ಸೀಟಿ ಕೊಡುತ್ತಿದ್ದಳು. ಅದುವರೆಗೆ ಒಂದು ನಾಲಗೆಯೂ ಹೊರಗೆ ಬರುತ್ತಿರಲಿಲ್ಲ. ಇದನ್ನು ನೋಡಲೆಂದೇ ಬೀದಿಯ ಮಕ್ಕಳು ಬೇಲಿ ಹತ್ತುತ್ತಿದ್ದರು. ಬಾಯಿಲ್ಲದ ಜೀವಗಳಿಗೆ ತಾಳ್ಮೆ ಕಲಿಸಿದವಳು ತಾನು ಮಾತ್ರ ಬಿಸಿ ಅನ್ನ ಆರಲು ಬಿಟ್ಟವಳಲ್ಲ, ನಿಂತೇ ಉಣ್ಣುತ್ತಿದ್ದಳು.

ಹೀಗಿರುವಾಗ ಆ ಮನೆಯನ್ನು ಕೆಡವುತ್ತಾರೆ ಎಂಬ ಸುದ್ದಿ ಬಂತು. ಗೋಡೆಗಳು ಬಿರುಕು ಬಿಟ್ಟಿದ್ದವು, ಮಾಲೀಕನದ್ದೂ ತಪ್ಪಿರಲಿಲ್ಲ. ಎರಡು ತಿಂಗಳಲ್ಲಿ ಖಾಲಿ ಮಾಡಬೇಕಿತ್ತು. ಊರಿನ ಇನ್ನೊಂದು ಅಂಚಿನಲ್ಲಿ, ಸೇತುವೆ ದಾಟಿದ ಮೇಲೆ, ಅಂಗಳವೂ ಗೇಟೂ ಇರುವ ಮನೆಯೊಂದು ಸಿಕ್ಕಿತು. ಪ್ರಾಣಿಗಳಿದ್ದರೆ ಅಡ್ಡಿಯಿಲ್ಲ ಎಂದರು ಅಲ್ಲಿನವರು. ಮನುಷ್ಯರ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿಯಿತು. ತೊಡಕು ಬೆಕ್ಕುಗಳದು.

ನಾಯಿ ಯಜಮಾನನನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಬಂದವರೆಲ್ಲ ಅದನ್ನೇ ಹೇಳಿದರು. ಭಾವನ ತಂಗಿಯಂತೂ ಒಂದು ಗೋಣಿಚೀಲವನ್ನೇ ತಂದಿದ್ದಳು. ನಾಯಿಗಳನ್ನು ಕರೆದುಕೊಂಡು ಹೋಗಿ, ಬೆಕ್ಕುಗಳನ್ನು ಚೀಲಕ್ಕೆ ಹಾಕಿ ಮೀನಿನ ಮಾರ್ಕೆಟ್ಟಿನ ಹತ್ತಿರ ಬಿಟ್ಟುಬಿಡಿ, ಅವಕ್ಕೆ ಅದೇ ಸ್ವರ್ಗ ಎಂಬುದು ಅವಳ ಸಲಹೆ.

"ನೀನು ಹೇಳೋದು ಸರಿನಮ್ಮಾ," ಎಂದಳು ಅಕ್ಕ. "ಆದ್ರೆ ಹತ್ತಿಸಿಕೊಂಡೋರನ್ನ ನಡುದಾರೀಲಿ ಇಳಿಸಿ ನಂಗೆ ಅಭ್ಯಾಸ ಇಲ್ಲ."

"ಅತ್ತಿಗೆ, ಅವೇನು ಟಿಕೆಟ್ ತಗೊಂಡಿದ್ವಾ?"

"ನೀನು ವಾರಕ್ಕೊಂದ್ಸಲ ಬಂದು ಉಂಡು ಹೋಗ್ತೀಯಲ್ಲ, ನೀನು ತಗೊಂಡಿದ್ದೀಯಾ?"

ನಾದಿನಿ ಚೀಲ ಮಡಚಿಕೊಂಡು ಹೋದಳು. ಆದರೆ ಅವಳ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ನೋಡೋಣ ಎಂದು ಅಕ್ಕ ಪಾಸುವನ್ನು ಬುಟ್ಟಿಯಲ್ಲಿ ಮುಚ್ಚಿ ಆಟೋದಲ್ಲಿ ಹೊಸ ಮನೆಗೆ ಒಯ್ದು, ಅಲ್ಲಿನ ಕೋಣೆಯಲ್ಲಿ ಬಿಟ್ಟಳು. ಕಿಟಕಿಯ ಸಂದಿನಿಂದ ಅದು ಯಾವಾಗ ನುಸುಳಿತೋ. ಮೂರನೆಯ ದಿನ ಹಳೆಯ ಮನೆಯ ಮೆಟ್ಟಿಲ ಮೇಲೆ ಬಿದ್ದಿತ್ತು, ಅಂಗಾಲು ಹರಿದು, ಒಂದು ಕಿವಿ ರಕ್ತವಾಗಿ. ಸೇತುವೆಯ ಮೇಲೆ ಲಾರಿಗಳು ಎಡೆಬಿಡದೆ ಓಡುತ್ತವೆ. ಅದನ್ನು ದಾಟಿ ಹೇಗೆ ಬಂತೋ. ಕಾಯುವವನು ಕಾದ, ಅಷ್ಟೇ. ಇನ್ನೊಂದು ಸಲ ಕಾಯಲೇಬೇಕೆಂದು ಅವನನ್ನು ಕೇಳುವುದು ನಮ್ಮ ಸೊಕ್ಕು.

ಅಜ್ಜಿ ಗಾಯಕ್ಕೆ ಬಟ್ಟೆ ಕಟ್ಟಿ, ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ತೀರ್ಪು ಕೊಟ್ಟರು.

"ಇವಳನ್ನ ಬಿಟ್ಟು ನಾನು ಬರಲ್ಲ. ಇವಳು ಈ ಮನೆ ಬಿಟ್ಟು ಬರಲ್ಲ. ಮುಂದಿಂದು ನೀವೇ ಯೋಚನೆ ಮಾಡಿ."

ಅಜ್ಜಿಗೆ ಮಂಡಿ ನೋವು. ಎಷ್ಟೋ ವರ್ಷದಿಂದ ಬಾಗಿಲು ದಾಟಿ ಬೀದಿಗೆ ಇಳಿದವರಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎನ್ನುವಂತಾಯಿತು ಆ ಮನೆಯ ಗತಿ. ಭಾವ ತಲೆಯ ಮೇಲೆ ಕೈ ಹೊತ್ತು ಕೂತರು. ಒಂದನ್ನೂ ಬಿಡದೆ, ಒಂದನ್ನೂ ಕಳೆದುಕೊಳ್ಳದೆ ಏಳನ್ನೂ ಸೇತುವೆಯಾಚೆ ಒಯ್ದು ನೆಲೆ ನಿಲ್ಲಿಸಬೇಕು. ಅಕ್ಕನಿಗೆ ಆ ದಿನಗಳಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಕೆಲಸದಿಂದ ಬಂದವಳು ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮಾತಾಡುತ್ತಿದ್ದಳು. ನಾನು ತರಕಾರಿ ಹೆಚ್ಚುತ್ತ ಹೂಂಗುಟ್ಟುತ್ತಿದ್ದೆ. ನನ್ನ ಬಳಿ ಉಪಾಯವಿರಲಿಲ್ಲ, ಕಿವಿ ಇತ್ತು. ಒಂದು ದಿನ ಅವಳು ಮಾತಿನ ನಡುವೆಯೇ ನಿಂತಳು. ಬೆಕ್ಕು ಮನೆಯನ್ನು ನಂಬುವುದಾದರೆ, ಮನೆಯೇ ಎದ್ದು ಹೋದರೆ ಬೆಕ್ಕೇನು ಮಾಡುತ್ತದೆ ಎಂದು ನನ್ನನ್ನು ಕೇಳಿದಳು. ಒಳಗೇ ಕೂತಿರುತ್ತದೆ ಎಂದೆ. ಎದ್ದು ಹೊರಟೇಹೋದಳು.

ಮಾರನೆಯ ದಿನ ಅವಳ ತಮ್ಮನ ಹಳೆಯ ಶಾಲಾ ವ್ಯಾನು ಮನೆಯ ಮುಂದೆ ಬಂದು ನಿಂತಿತು. ಮಾರಲು ಇಟ್ಟಿದ್ದ ಗಾಡಿ, ಕೊಳ್ಳುವವರು ಬರುವ ತನಕ ಇಟ್ಟುಕೋ ಎಂದು ಕೊಟ್ಟಿದ್ದ. ಅಕ್ಕ ಹಿಂದಿನ ಸೀಟುಗಳನ್ನೆಲ್ಲ ಬಿಚ್ಚಿಸಿ ಒಂದನ್ನು ಮಾತ್ರ ಉಳಿಸಿದಳು. ಕೆಳಗೆ ಮನೆಯ ಹಳೆಯ ಚಾಪೆ ಹಾಸಿದಳು. ಬೆಕ್ಕುಗಳು ಉಗುರಿನಿಂದ ಕೆರೆದು ಹಾಳು ಮಾಡಿದ್ದ ಸ್ಟೂಲು, ಅಜ್ಜಿಯ ಹರಿದ ಕಂಬಳಿ, ಬಾಗಿಲ ಬಳಿಯ ಕಾಲೊರೆಸು, ನಾಯಿಗಳ ಗೋಣಿ, ಎಲ್ಲ ಒಳಗೆ ಹೋದವು. ಮನೆಯ ವಾಸನೆ ಹೋಗದ ಹಾಗೆ ಒಂದನ್ನೂ ಒಗೆಯಬಾರದು ಎಂದು ಅವಳ ಆಜ್ಞೆ. ಬೀದಿಯವರು ಮೂಗು ಮುಚ್ಚಿಕೊಂಡು ಓಡಾಡಿದರು. ಗ್ಯಾರೇಜಿನವನು ಬಂದು ನೋಡಿ, ಅಕ್ಕನಿಗೆ ವರ್ಗ ಆಗಿದೆಯೋ ತಲೆ ಕೆಟ್ಟಿದೆಯೋ ಎಂದು ಭಾವನನ್ನು ಕೇಳಿದ. ಅದೂ ಹಿಂದಿನದೇ, ನನ್ನ ಪಾಲಲ್ಲ ಎಂದರಂತೆ ಭಾವ.

ಊಟ ಇನ್ನು ಮೇಲೆ ವ್ಯಾನಿನಲ್ಲೇ. ಮೊದಲ ದಿನ ನಾಯಿಗಳು ಹಾರಿ ಹತ್ತಿದವು, ಸ್ಟೆಪ್ನಿಗೆ ಒಂದು ಹಲಗೆ ಇಟ್ಟರು. ಬೆಕ್ಕುಗಳು ಬಾನೆಟ್ಟಿನ ಮೇಲೆ ಕೂತು ತಮಾಷೆ ನೋಡಿದವು. ಎರಡು ದಿನ ಉಪವಾಸದ ಬೆದರಿಕೆ ಹಾಕಿ, ಮೂರನೆಯ ದಿನ ಚಿಲ್ಲರೆ ಒಳಗೆ ಹೋಯಿತು. ಚಿಲ್ಲರೆಯ ತಟ್ಟೆಯಲ್ಲಿ ಏನಿದೆ ಎಂದು ನೋಡಲು ಚೆಕಿಂಗು ಹೋಗಲೇಬೇಕಾಯಿತು. ರಿವರ್ಸು ಹಿಂದು ಹಿಂದಾಗಿ ಹತ್ತಿತು. ಪಾಸು ಮಾತ್ರ ಮೆಟ್ಟಿಲು ಬಿಟ್ಟು ಕದಲಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಕೊನೆಗೆ ಅಕ್ಕ ಅಜ್ಜಿಯ ಮುಂದೆ ಹೋಗಿ ನಿಂತಳು.

"ಅತ್ತೆ, ನೀವು ಹೊಸ ಮನೆಗೆ ಬರೋದು ಬೇಡ. ಮನೆ ಮುಂದಿನ ಗಾಡೀಲಿ ಹತ್ತು ನಿಮಿಷ ಕೂತ್ಕೊಳ್ಳಿ ಸಾಕು. ನಿಮ್ಮ ಕೈಯಿಂದ ತಿಂದರೆ ಅವಳು ಬರ್ತಾಳೆ."

"ಕೂತ ಮೇಲೆ ಬಾಗ್ಲು ಹಾಕ್ಕೊಂಡು ಹೊರಟುಬಿಟ್ರೆ?"

"ಹಾಗೆಲ್ಲ ಮೋಸ ಮಾಡ್ತೀನಾ ಅತ್ತೆ?"

ಅಜ್ಜಿ ನನ್ನ ಮುಖ ನೋಡಿದರು, ನಾನು ಸಾಕ್ಷಿ ಎಂಬಂತೆ. ನಾನು ತಲೆಯಾಡಿಸಿದೆ. ನಾವಿಬ್ಬರೂ ರಟ್ಟೆ ಹಿಡಿದು ಹತ್ತಿಸಿದೆವು. ಉಳಿಸಿದ್ದ ಒಂದೇ ಸೀಟು ಅವರಿಗೆ. ಅಂದು ಅಲ್ಲ, ಮರುದಿನವೂ ಅಲ್ಲ, ಮೂರನೆಯ ಸಂಜೆ ಪಾಸು ಹಲಗೆಯ ಮೇಲೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು, ಒಳಗೆ ಮೂಸಿ, ಅಜ್ಜಿಯ ತೊಡೆ ಏರಿತು. ಅಕ್ಕ ಆ ದಿನ ಸೀಟಿ ಊದಲು ಹೋದರೆ ಉಸಿರೇ ಬರಲಿಲ್ಲ.

ಇನ್ನೂ ಪಾಠಗಳು ಬಾಕಿ ಇದ್ದವು. ಮೊದಲು ಇಂಜಿನ್ನಿನ ಸದ್ದಿಗೆ ಒಗ್ಗಬೇಕು. ಆಮೇಲೆ ನಿಂತಲ್ಲೇ ಸ್ವಲ್ಪ ಹಿಂದೆ ಮುಂದೆ. ಆಮೇಲೆ ಬೀದಿಯ ಒಂದು ಸುತ್ತು, ಸೇತುವೆಯ ತನಕ ಹೋಗಿ ವಾಪಸ್ಸು, ಕಡೆಗೆ ಹೊಸ ಮನೆ. ಭಾವನಿಗೆ ರಜೆ ಇದ್ದ ದಿನ ಮೊದಲ ಪಾಠ ಇಟ್ಟುಕೊಂಡರು. ಅಂದು ಆಗಬೇಕಿದ್ದದ್ದು ಇಷ್ಟೇ. ಭಾವ ಡ್ರೈವರ್ ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಬೇಕು, ಪ್ರಾಣಿಗಳು ಸದ್ದಿನಲ್ಲೇ ಉಣ್ಣಬೇಕು, ಆಮೇಲೆ ಆಫ್ ಮಾಡಬೇಕು.

ಭಾವ ಕೂತರು. ಅಜ್ಜಿ ಕೂತರು. ಏಳು ತಟ್ಟೆ ತುಂಬಿದವು. ನಾನು ಹಾಲಿನ ಪಾತ್ರೆ ಹಿಡಿದು ರಸ್ತೆಯ ಮೇಲೆ ನಿಂತಿದ್ದೆ. ಇಂಜಿನ್ ಗುಡುಗಿತು. ರಿವರ್ಸು ಗಾಬರಿಯಾಗಿ ಬಾಗಿಲ ಕಡೆಗೆ ಹಿಂದು ಹಿಂದಾಗಿ ಬರುವುದನ್ನು ಕಂಡು ಅಕ್ಕ ಹೊರಗಿನಿಂದ ಬಾಗಿಲನ್ನು ಧಡಾರನೆ ಎಳೆದು ಮುಚ್ಚಿದಳು. ಕಿಟಕಿಯಿಂದ ನೋಡಿ, ಗದ್ದ ಆಡಿಸಿ ಏಳನ್ನೂ ಎಣಿಸಿದಳು. ರಿವರ್ಸೂ ತನ್ನ ತಟ್ಟೆಗೆ ಮರಳಿತ್ತು, ಎಲ್ಲ ತಮ್ಮ ಜಾಗದಲ್ಲಿ ನಿಂತಿದ್ದವು. ಊಟ ಶುರುವಾಗಲಿ ಎಂದು ಎರಡು ಸೀಟಿ ಊದಿದಳು.

ಬಾಗಿಲು ಮುಚ್ಚಿದ ಸದ್ದು, ಅದರ ಹಿಂದೆಯೇ ಎರಡು ಸೀಟಿ. ಭಾವನ ಕೈಕಾಲಿಗೆ ಅವರ ತಲೆಯನ್ನು ಕೇಳುವ ಅಭ್ಯಾಸ ಎಂದೋ ತಪ್ಪಿಹೋಗಿತ್ತು. ವ್ಯಾನು ಹೊರಟಿತು.

ನಾವಿಬ್ಬರೂ ನೋಡುತ್ತ ನಿಂತೆವು. ಅದು ನಮ್ಮ ಬೀದಿಯ ತಿರುವನ್ನು ಬಹಳ ಅಂದವಾಗಿ, ಕೈಸನ್ನೆ ಕೊಟ್ಟು, ದಾಟಿ ಹೋಯಿತು. ಅಕ್ಕನ ಇಷ್ಟು ವರ್ಷದ ಕೆಲಸದಲ್ಲಿ ಬಸ್ಸು ಅವಳನ್ನು ಬಿಟ್ಟು ಹೋದದ್ದು ಅದೇ ಮೊದಲು. ನಿಲ್ಲಿಸಲು ಒಂದು ಸೀಟಿ ಊದಬೇಕೆಂಬುದು ಅವಳಿಗೆ ಹೊಳೆದಾಗ ವ್ಯಾನು ದೊಡ್ಡ ರಸ್ತೆ ಸೇರಿಯಾಗಿತ್ತು. ಭಾವನ ಫೋನು ಮನೆಯಲ್ಲಿ, ಅಂಗಿಯ ಜೇಬಿನಲ್ಲಿ, ಗೂಟದ ಮೇಲೆ ಬಡಿದುಕೊಳ್ಳುತ್ತಿತ್ತು.

ಹಾಲಿನ ಪಾತ್ರೆ ಹಿಡಿದುಕೊಂಡೇ ನಾನು ಅವಳ ಹಿಂದೆ ಆಟೋ ಹತ್ತಿದೆ. ಯಾವ ಕಡೆಗೆ ಎಂದು ಆಟೋದವನು ಕೇಳಿದ. ಸೇತುವೆಯಾಚೆ ಎಂದಳು ಅಕ್ಕ, ಒಂದು ಕ್ಷಣವೂ ಯೋಚಿಸದೆ. ನಾನು ಹೇಗೆ ಗೊತ್ತು ಎಂದೆ.

"ಹಿಂದೆ ಸೀಟಿ ಊದೋರು ಯಾರೂ ಇಲ್ಲ. ಸೀಟಿ ಇಲ್ದೆ ಅವರು ನಡುವೆ ನಿಲ್ಸಲ್ಲ. ವಾರವೆಲ್ಲ ಸುಣ್ಣ ಬಳಿಯೋಕೆ ಓಡಾಡಿದ ದಾರಿ. ಕೊನೇ ಸ್ಟಾಪ್‌ಗೇ ಹೋಗ್ತಾರೆ."

ಹೇಳುವುದೇನೋ ಹೇಳಿದಳು. ಆದರೆ ಸೇತುವೆಯ ಮೇಲೆ ಹೋಗುವಾಗ ಅವಳು ರಸ್ತೆಯ ಎರಡೂ ಬದಿಯನ್ನು ನೋಡುತ್ತಿದ್ದ ರೀತಿ ನನಗೆ ಅರ್ಥವಾಗುತ್ತಿತ್ತು. ವ್ಯಾನಿನ ಕಿಟಕಿಯ ಗಾಜು ಅರ್ಧ ತೆರೆದಿತ್ತು. ಬಿಳಿಯದೇನು ಕಂಡರೂ, ಕಾಗದದ ಚೂರು ಕಂಡರೂ, ಅವಳ ಕೈ ನನ್ನ ಮೊಣಕೈಯನ್ನು ಹಿಚುಕುತ್ತಿತ್ತು. ನಾನು ಮನಸ್ಸಿನಲ್ಲೇ ಹೇಳಬೇಕಾದವನಿಗೆ ಹೇಳುತ್ತಿದ್ದೆ.

ಹೊಸ ಮನೆಯ ಅಂಗಳದಲ್ಲಿ ವ್ಯಾನು ನಿಂತಿತ್ತು. ಗೇಟು ಮುಚ್ಚಿತ್ತು. ಭಾವ ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಮುಂದಕ್ಕೆ ನೋಡುತ್ತ ಕೂತಿದ್ದರು. ಗೇಟು ಹಾಕಿ ಬಂದು ಮತ್ತೆ ಕೂತದ್ದಂತೆ. ಹಿಂದಿನ ಬಾಗಿಲನ್ನು ಮಾತ್ರ ಮುಟ್ಟಿರಲಿಲ್ಲ.

"ಅರ್ಧ ದಾರೀಲಿ ಗೊತ್ತಾಯ್ತು ಕಣೇ, ನೀನು ಹತ್ತಿಲ್ಲ ಅಂತ," ಎಂದರು, ಬೈಗುಳಕ್ಕೆ ತಲೆ ಬಗ್ಗಿಸಿ. "ತಿರುಗಿಸಿದ್ರೆ ಕುಲುಕಾಟಕ್ಕೆ ಎಲ್ಲಾ ಎದ್ದುಬಿಡ್ತಾವೆ ಅಂತ ಅನ್ನಿಸ್ತು. ಇಳಿಸೋದು ನಿನ್ನ ಕೆಲಸ."

ಅಕ್ಕ ಬೈಯಲಿಲ್ಲ. ಕಿಟಕಿಗೆ ಮುಖ ಒತ್ತಿದಳು. ಒಳಗೆ ಏಳು ತಟ್ಟೆಗಳೂ ತೊಳೆದ ಹಾಗೆ ಇದ್ದವು. ಲಗೇಜು ನಿದ್ದೆ ಹೊಡೆಯುತ್ತಿತ್ತು, ಅದರ ಬೆನ್ನಿಗೆ ಒರಗಿ ಚಿಲ್ಲರೆ ಮೈ ನೆಕ್ಕಿಕೊಳ್ಳುತ್ತಿತ್ತು. ರಿವರ್ಸು ಸ್ಟೂಲಿನ ಕೆಳಗೆ. ಹಾರನ್ನೂ ಸ್ಟೆಪ್ನಿಯೂ ಕಿಟಕಿಯಿಂದ ಹೊಸ ಜಾಗ ನೋಡುತ್ತಿದ್ದವು. ಚೆಕಿಂಗು ಖಾಲಿ ತಟ್ಟೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿತ್ತು. ಅಜ್ಜಿಯ ತೊಡೆಯ ಮೇಲೆ ಪಾಸು, ಮೈಯೆಲ್ಲ ಸಡಿಲ ಬಿಟ್ಟು. ಅಜ್ಜಿಯ ತಲೆಗೂದಲು ಗಾಳಿಗೆ ಕೆದರಿ ನಿಂತಿತ್ತು.

ಮೊದಲ ತಿರುವಿನಲ್ಲಿ ನಿಲ್ಲಿಸೋ ಎಂದು ಕೂಗಿದೆ, ಅವನು ಪ್ರಯಾಣಿಕರ ಮಾತು ಕೇಳುವವನಲ್ಲ ಎಂಬುದು ಮರೆತಿತ್ತು ಎಂದು ಅಜ್ಜಿ ಆಮೇಲೆ ನನಗೆ ಹೇಳಿದರು. ಇನ್ನೊಮ್ಮೆ ಕೂಗಲು ಬಾಯಿ ತೆಗೆದಾಗ ನೋಡಿದರಂತೆ, ಎಲ್ಲವೂ ತಲೆ ಬಗ್ಗಿಸಿ ಉಣ್ಣುತ್ತಿದ್ದವು. ಉಣ್ಣುವವರನ್ನು ಎಬ್ಬಿಸಬಾರದೆಂದು ಸುಮ್ಮನಾದರು. ಸುಮ್ಮನಾದ ಮೇಲೆ ಕಿಟಕಿಯಾಚೆ ಕಂಡಿತು. ಅಂಗಡಿಗಳು, ಎತ್ತರದ ಕಟ್ಟಡಗಳು, ಸೇತುವೆಯ ಕೆಳಗೆ ಹೊಳೆ. ಇಷ್ಟೆಲ್ಲ ಆಗಿದೆಯೇ ಊರಿನಲ್ಲಿ, ನನಗೆ ಯಾರೂ ಹೇಳಲೇ ಇಲ್ಲವಲ್ಲ ಎಂದರು, ನಾವೇ ಬಚ್ಚಿಟ್ಟವರ ಹಾಗೆ.

ಆದರೆ ಅಕ್ಕ ಬಾಗಿಲು ತೆರೆದಾಗ ಅವರ ಮುಖ ಗಂಟಿಕ್ಕಿತ್ತು.

"ಮೋಸ ಮಾಡಲ್ಲ ಅಂದಿದ್ದೆ."

"ನಾನು ಮಾಡ್ಲಿಲ್ಲ ಅತ್ತೆ. ನಿಮ್ಮ ಮಗ."

"ಅವನಿಗೆ ಅಷ್ಟು ಬುದ್ಧಿ ಎಲ್ಲಿದೆ?" ಎಂದು ಅಜ್ಜಿ ಸೀಟಿನಲ್ಲಿ ಇನ್ನಷ್ಟು ಭದ್ರವಾಗಿ ಕೂತರು. "ಇವಳು ತಾನಾಗಿ ಇಳಿಯೋ ತನಕ ನಾನೂ ಇಳಿಯಲ್ಲ."

ಸರಿ ಎಂದಳು ಅಕ್ಕ. ಯಾರನ್ನೂ ಎಳೆಯಲಿಲ್ಲ, ಎತ್ತಲಿಲ್ಲ. ಬಾಗಿಲು ತೆರೆದಿಟ್ಟು, ಹಲಗೆ ಹಾಕಿ, ಅಂಗಳದಲ್ಲಿ ಕೂತಳು. ಕತ್ತಲಾಗುವ ಮೊದಲು ನಾಯಿಗಳು ಇಳಿದು ಗೋಡೆಯುದ್ದಕ್ಕೂ ತಮ್ಮ ಗುರುತು ಹಾಕಿ ಬಂದವು. ಬೆಕ್ಕುಗಳು ತಲೆ ಹೊರಗೆ ಹಾಕಿ, ಮೂಸಿ, ಮತ್ತೆ ಒಳಗೆ ಹೋದವು. ಒಳಗೆ ಅವುಗಳ ಮನೆಯೇ ಇತ್ತಲ್ಲ, ಅದೇ ಚಾಪೆ, ಅದೇ ವಾಸನೆ. ಆ ರಾತ್ರಿ ಅತ್ತೆ, ಸೊಸೆ, ಏಳು ಪ್ರಾಣಿಗಳು ವ್ಯಾನಿನಲ್ಲೇ ಮಲಗಿದರು. ಸಾಮಾನೆಲ್ಲ ಹಳೆಯ ಮನೆಯಲ್ಲಿ. ಹೊಸ ಮನೆಯಲ್ಲಿ ಇದ್ದದ್ದು ಸುಣ್ಣದ ಬಕೆಟ್ಟು, ಮತ್ತೆ ಬರಿನೆಲದ ಮೇಲೆ ಗೊರಕೆ ಹೊಡೆಯುತ್ತಿದ್ದ ಭಾವ.

ನನಗೊಂದು ಕೆಲಸ ಒಪ್ಪಿಸಿದ್ದಳು ಅಕ್ಕ. ದಿನಾ ಹಳೆಯ ಮನೆಯ ಮೆಟ್ಟಿಲ ಮೇಲೆ ಒಂದು ಬಟ್ಟಲು ಹಾಲು ಇಡಬೇಕು. ಯಾವುದಾದರೂ ವಾಪಸ್ಸು ಬಂದರೆ ಹಿಡಿದಿಟ್ಟು ಫೋನ್ ಮಾಡಬೇಕು. ಬೀದಿಯ ಬೇರೆ ಬೆಕ್ಕುಗಳನ್ನು ಓಡಿಸಲು ನಾನು ಹೆಣಿಗೆ ಹಿಡಿದು ಬಾಗಿಲಲ್ಲೇ ಕೂತೆ. ಮೊದಲ ದಿನ ಯಾರೂ ಬರಲಿಲ್ಲ. ಮೂರನೆಯ ದಿನ ನಾನು ಊಟಕ್ಕೂ ಏಳಲಿಲ್ಲ, ಪಾಸು ಹಿಂದೆ ಬಂದದ್ದು ಮೂರನೆಯ ದಿನವೇ ಅಲ್ಲವೇ. ಹಾಲು ಹಾಗೇ ಇತ್ತು, ಸಂಜೆಗೆ ಒಡೆಯಿತು. ವಾರವಿಡೀ ಹೀಗೆಯೇ. ಹಾಲು ಒಡೆದದ್ದಕ್ಕೆ ಅಷ್ಟು ಸಂತೋಷಪಟ್ಟ ಹೆಂಗಸು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಫೋನ್ ಮಾಡಿ ಇವತ್ತೂ ಒಡೆಯಿತು ಎಂದರೆ ಆ ಕಡೆಯಿಂದ ಅಕ್ಕನ ನಗು ಫೋನಿಲ್ಲದೆಯೂ ಕೇಳುವಷ್ಟು ಜೋರಾಗಿ ಬರುತ್ತಿತ್ತು.

ಮುಂದಿನ ಭಾನುವಾರ ವ್ಯಾನು ಕೊಳ್ಳುವವರು ಸಿಕ್ಕರೆಂದು ಅಕ್ಕನ ತಮ್ಮ ಬಂದ. ನಾನೂ ಹೋಗಿದ್ದೆ, ನಾದಿನಿಯೂ ಬಂದಿದ್ದಳು. ಗಾಡಿ ಹೋದರೆ ಬೆಕ್ಕುಗಳೂ ಅದರ ಹಿಂದೆ ಹೋಗುತ್ತವೆ, ನೋಡ್ತಾ ಇರಿ ಎಂದಳು ನಾದಿನಿ, ಗೆಲ್ಲುವ ದನಿಯಲ್ಲಿ. ಅಕ್ಕ ನೇರವಾಗಿ ವ್ಯಾನಿನ ಹತ್ತಿರ ಹೋದಳು. ಚಾಪೆ, ಕಂಬಳಿ, ಸ್ಟೂಲುಗಳನ್ನು ಒಂದೊಂದಾಗಿ ಇಳಿಸಿ ಒಳಗೆ ಇಟ್ಟೆವು. ಚಿಲ್ಲರೆ ಸ್ಟೂಲಿನ ಜೊತೆಗೇ ಒಳಗೆ ನಡೆಯಿತು. ಚೆಕಿಂಗು ಆಗಲೇ ಅಡುಗೆಮನೆಯಲ್ಲಿ ಪಾತ್ರೆಗಳ ತನಿಖೆ ನಡೆಸುತ್ತಿತ್ತು. ರಿವರ್ಸು ಗೋಡೆಯ ಮೇಲಿತ್ತು. ವ್ಯಾನಿನಲ್ಲಿ ಉಳಿದವರು, ವಾರವಿಡೀ ಅಲ್ಲೇ ಮಲಗೆದ್ದ ಅಜ್ಜಿ ಒಬ್ಬರೇ. ಪಾಸು ಎಲ್ಲಿ ಎಂದು ಎಲ್ಲರೂ ಹುಡುಕಿದೆವು. ಸೀಟಿನ ಕೆಳಗೆ ಇರಲಿಲ್ಲ, ಅಂಗಳದಲ್ಲಿ ಇರಲಿಲ್ಲ. ಅಕ್ಕ ಗೇಟಿನ ಕಡೆ ಓಡಿದಳು.

"ಅದೋ," ಎಂದರು ಅಜ್ಜಿ, ಕೂತಲ್ಲಿಂದಲೇ ಬೆರಳು ತೋರಿಸಿ.

ಮನೆಯೊಳಗೆ, ಬೆಳಕು ಬೀಳುವ ಕಿಟಕಿಯ ಅಗಲವಾದ ಕಟ್ಟೆಯ ಮೇಲೆ, ಪಾಸು ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿತ್ತು. ವ್ಯಾನಿನ ಇಂಜಿನ್ ಶುರುವಾಯಿತು. ಅದು ಒಂದು ಕಣ್ಣು ತೆರೆದು ನೋಡಿ, ಆಕಳಿಸಿ, ಮತ್ತೆ ಮುಚ್ಚಿತು.

ಅಜ್ಜಿ ಕೈ ಚಾಚಿದರು. ಅಕ್ಕ ಒಂದು ರಟ್ಟೆ, ನಾದಿನಿ ಒಂದು ರಟ್ಟೆ ಹಿಡಿದು ಇಳಿಸಿದರು. ನೆಲಕ್ಕೆ ಕಾಲು ಊರಿ, ಸೆರಗು ಸರಿ ಮಾಡಿಕೊಂಡು, ಯಾವತ್ತೂ ಬರಲ್ಲ ಎಂದವರೇ ಅಲ್ಲ ಎಂಬಂತೆ ಮಗನ ಕಡೆ ತಿರುಗಿದರು.

"ಏನು ನೋಡ್ತಾ ನಿಂತಿದ್ದೀಯ? ನನ್ನ ಮಂಚ ತಂದು ಆ ಕಿಟಕಿ ಪಕ್ಕಕ್ಕೆ ಹಾಕು."

ಮಂಚ ಹಳೆಯ ಕಾಲದ್ದು, ಭಾರಿ ತೂಕ. ಹಳೆಯ ಮನೆಯಿಂದ ತಂದು ಬಾಗಿಲಲ್ಲಿ ಇಳಿಸುವಷ್ಟರಲ್ಲಿ ಭಾವನ ಉಸಿರು ಮೇಲಕ್ಕೆ ಹೋಗಿತ್ತು. ಇನ್ನೊಂದು ತುದಿಯನ್ನು ಅಕ್ಕ ಹಿಡಿದಳು. ಮೂರು ನಾಯಿಗಳು ಕಾಲಿಗೆ ಅಡ್ಡ ಬರುತ್ತಿದ್ದವು, ಚೆಕಿಂಗು ಮಂಚದ ಮೇಲೆ ಹತ್ತಿ ಕೂತಿತ್ತು. ಸರೀರಿ, ದಾರಿ ಬಿಡ್ರಿ ಎಂದು ಅಕ್ಕ ಕೂಗಿದ ಕೂಗಿಗೆ ಹೊಸ ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು.